ದಿನಾ ತೊಳೆದರೂ ಯೂರಿನಲ್ ನಾತ ಯಾಕೆ ಹೋಗುತ್ತಿಲ್ಲ?

ಓದುಗರ ಪ್ರಶ್ನೆ:

"ಮೂರು ಮಹಡಿಯ ಕಚೇರಿ ಕಟ್ಟಡವೊಂದರ ನಿರ್ವಹಣೆ ನನ್ನ ಜವಾಬ್ದಾರಿ. ಗಂಡಸರ ಶೌಚಾಲಯಗಳಲ್ಲಿ ಒಟ್ಟು 12 ಯೂರಿನಲ್‌ಗಳಿವೆ, ಎಲ್ಲವೂ ಸೆನ್ಸರ್ ಫ್ಲಶ್. ನಮ್ಮದು ಬೋರ್‌ವೆಲ್ ನೀರು, ಬಹಳ ಗಡಸು. ನೀರು ಉಳಿಸಲೆಂದು ವರ್ಷದ ಹಿಂದೆ ಫ್ಲಶ್ ಆಗುವ ಅವಧಿಯನ್ನು ಅರ್ಧಕ್ಕೆ ಇಳಿಸಿದೆವು. ದಿನಾ ರಾತ್ರಿ ಬ್ಲೀಚಿಂಗ್ ಪೌಡರ್ ಹಾಕಿ ತೊಳೆಸುತ್ತೇವೆ, ವಾರಕ್ಕೊಮ್ಮೆ ಆಸಿಡ್ ಹಾಕಿಸುತ್ತೇವೆ, ಪ್ರತಿ ಬೇಸಿನ್‌ನಲ್ಲೂ ನ್ಯಾಫ್ಥಲೀನ್ ಗುಳಿಗೆ ಇದೆ. ಇಷ್ಟಾದರೂ ಮೂಗಿಗೆ ಹೊಡೆಯುವ ನಾತ ಹೋಗಿಲ್ಲ, ಸೋಮವಾರ ಬೆಳಿಗ್ಗೆಯಂತೂ ಒಳಗೆ ಕಾಲಿಡಲಾಗುವುದಿಲ್ಲ. ಜಾಲರಿಯ ಸುತ್ತ ಹಳದಿ-ಕಂದು ಬಣ್ಣದ ಗಟ್ಟಿ ಪೊರೆ ಬೆಳೆಯುತ್ತಲೇ ಇದೆ. ಎರಡು ಬೇಸಿನ್‌ಗಳಲ್ಲಿ ನೀರು ನಿಧಾನವಾಗಿ ಇಳಿಯುತ್ತದೆ. ಆಸಿಡ್ ಹಾಕಿದ ದಿನ ನಮ್ಮ ಹುಡುಗರಿಗೆ ಕೆಮ್ಮು, ಕಣ್ಣುರಿ. ಬೇಸಿನ್‌ಗಳು ಹಳೆಯವು, ಎಲ್ಲವನ್ನೂ ಬದಲಿಸಿ ಎನ್ನುತ್ತಾರೆ ಪ್ಲಂಬರ್. ನೀರಿಲ್ಲದ ಯೂರಿನಲ್ ಹಾಕಿಸಿ ಎನ್ನುತ್ತಾರೆ ಇನ್ನೊಬ್ಬರು. ಏನು ಮಾಡಲಿ?"

ಉತ್ತರ:

ನಿಮ್ಮ ಪತ್ರ ಓದಿದಾಗ ನಾತಕ್ಕಿಂತ ಹೆಚ್ಚು ನನ್ನನ್ನು ಕಾಡಿದ್ದು ಹುಡುಗರ ಕೆಮ್ಮು ಮತ್ತು ಕಣ್ಣುರಿ. ಉಳಿದ ಮಾತೆಲ್ಲ ಆಮೇಲೆ, ಇದು ಇವತ್ತೇ ನಿಲ್ಲಬೇಕು.

ಬ್ಲೀಚಿಂಗ್ ಪೌಡರ್ ಅಥವಾ ಬ್ಲೀಚ್ ದ್ರಾವಣದ ಮೇಲೆ ಆಸಿಡ್ ಬಿದ್ದರೆ ಕ್ಲೋರಿನ್ ಅನಿಲ ಹೊರಡುತ್ತದೆ. ಎರಡನ್ನೂ ಒಂದೇ ಬಕೆಟ್ಟಿನಲ್ಲಿ ಬೆರೆಸಬೇಕೆಂದೇನಿಲ್ಲ. ರಾತ್ರಿ ಹಾಕಿದ ಪುಡಿಯ ಉಳಿಕೆ, ಬೇಸಿನ್ ಕೆಳಗೆ ನೀರು ನಿಂತು ಚರಂಡಿಯ ಗಾಳಿ ತಡೆಯುವ ಬಾಗಾದ ಟ್ರ್ಯಾಪ್‌ನ ತಳದಲ್ಲಿ ಕೂತಿದ್ದು, ಬೆಳಿಗ್ಗೆ ಅದರ ಮೇಲೆ ಆಸಿಡ್ ಸುರಿದರೂ ಸಾಕು. ಅಷ್ಟೇ ಅಲ್ಲ, ಬ್ಲೀಚ್ ಹಳೆಯ ಮೂತ್ರದೊಂದಿಗೆ ಸೇರಿದರೆ ಅಲ್ಲಿರುವ ಅಮೋನಿಯಾದಿಂದ ಕ್ಲೋರಮೈನ್ ಎಂಬ ಇನ್ನೊಂದು ಬಗೆಯ ಅನಿಲ ಹುಟ್ಟುತ್ತದೆ. ಅದೂ ಕಣ್ಣು, ಗಂಟಲು, ಶ್ವಾಸಕೋಶಗಳನ್ನು ಕೆರಳಿಸುತ್ತದೆ. ಮುಚ್ಚಿದ ಸಣ್ಣ ಕೋಣೆಯಲ್ಲಿ ಬಗ್ಗಿ ಉಜ್ಜುವವರ ಮುಖದ ಹತ್ತಿರವೇ ಇದೆಲ್ಲ ಏಳುತ್ತದೆ, ಮತ್ತು ಕ್ಲೋರಿನ್ ಗಾಳಿಗಿಂತ ಭಾರವಾದ್ದರಿಂದ ತಗ್ಗಿನಲ್ಲೇ ನಿಲ್ಲುತ್ತದೆ. ಕ್ಲೋರಿನ್ ಉಸಿರಾಡಿದವರಿಗೆ ಉಸಿರಾಟದ ತೊಂದರೆ ಕೆಲವು ಗಂಟೆಗಳ ನಂತರವೂ ಉಲ್ಬಣಿಸಬಹುದು. ಹಾಗಾಗಿ ಹೊರಗಿನ ಗಾಳಿಗೆ ಬಂದ ಮೇಲೂ ಕೆಮ್ಮು ನಿಲ್ಲದಿದ್ದರೆ, ಎದೆ ಬಿಗಿದಂತಾದರೆ, ವೈದ್ಯರ ಬಳಿಗೆ ಕಳಿಸಲು ತಡಮಾಡಬೇಡಿ. ಏನೇನು ಬಳಸಲಾಗಿತ್ತು ಎಂಬುದನ್ನೂ ವೈದ್ಯರಿಗೆ ಹೇಳಬೇಕು.

ಇವತ್ತಿನಿಂದ ಯೂರಿನಲ್ ಒಳಗೆ ಬ್ಲೀಚಿಂಗ್ ಪೌಡರ್ ಬೇಡ. ಆಸಿಡ್ ಮತ್ತು ಬ್ಲೀಚ್ ಡಬ್ಬಿಗಳು ಒಂದೇ ಕಪಾಟಿನಲ್ಲೂ ಇರಬಾರದು. ಇದರಿಂದ ನಾತ ಹೆಚ್ಚುತ್ತದೆಂಬ ಭಯವೂ ಬೇಡ. ಬ್ಲೀಚಿಂಗ್ ಪೌಡರ್ ನಿಮ್ಮ ಸಮಸ್ಯೆಗೆ ಒಂದಿಷ್ಟೂ ನೆರವಾಗುತ್ತಿರಲಿಲ್ಲ. ಯಾಕೆ ಎಂದು ಹೇಳುತ್ತೇನೆ.

ನಾತವೂ ಪೊರೆಯೂ ಒಂದೇ ಬೇರಿನವು

ಕಟ್ಟಡ ನೋಡಿಕೊಳ್ಳುವ ಹೆಚ್ಚಿನವರು ನಾತ ಬೇರೆ, ಉಪ್ಪು ಕಟ್ಟುವುದು ಬೇರೆ ಎಂದುಕೊಂಡು ಒಂದಕ್ಕೆ ಸುಗಂಧ, ಇನ್ನೊಂದಕ್ಕೆ ಆಸಿಡ್ ತರಿಸುತ್ತಾರೆ. ನನ್ನ ಕೆಲಸದಲ್ಲಿ ನಾನು ಮತ್ತೆ ಮತ್ತೆ ಹೇಳಬೇಕಾಗಿ ಬರುವ ಮಾತು ಇದು: ಮೂತ್ರ ಎಲ್ಲಿ ನಿಲ್ಲುತ್ತದೋ ಅಲ್ಲಿ ಎರಡೂ ಒಟ್ಟಿಗೇ ಹುಟ್ಟುತ್ತವೆ, ಒಂದು ಇನ್ನೊಂದನ್ನು ಬೆಳೆಸುತ್ತದೆ.

ಆಗಷ್ಟೇ ಬಂದ ಮೂತ್ರಕ್ಕೆ ಅಂಥ ಕೆಟ್ಟ ವಾಸನೆಯಿಲ್ಲ. ಅದರಲ್ಲಿ ನೂರಕ್ಕೆ ಸುಮಾರು 95 ಪಾಲು ನೀರು, ಉಳಿದದ್ದರಲ್ಲಿ ಹೆಚ್ಚಿನದು ಯೂರಿಯಾ, ಜೊತೆಗೆ ಅಡುಗೆ ಉಪ್ಪು, ಫಾಸ್ಫೇಟ್, ಸ್ವಲ್ಪ ಕ್ಯಾಲ್ಸಿಯಂ, ಮೆಗ್ನೀಸಿಯಂ, ಯೂರಿಕ್ ಆಮ್ಲ. ಸಾಮಾನ್ಯವಾಗಿ ಅದು ತುಸು ಆಮ್ಲೀಯ, ಪಿಎಚ್ 6ರ ಆಸುಪಾಸು (7ಕ್ಕಿಂತ ಕೆಳಗಿದ್ದರೆ ಆಮ್ಲೀಯ, ಮೇಲಿದ್ದರೆ ಕ್ಷಾರೀಯ). ಈ ಸ್ಥಿತಿಯಲ್ಲಿ ಲವಣಗಳು ಬಹುಮಟ್ಟಿಗೆ ಕರಗಿಯೇ ಇರುತ್ತವೆ. ತೊಂದರೆ ಶುರುವಾಗುವುದು ಅದು ಟ್ರ್ಯಾಪ್‌ನಲ್ಲೋ ಪೈಪಿನಲ್ಲೋ ನಿಂತಾಗ. ಅಲ್ಲಿನ ಲೋಳೆಯಲ್ಲಿ ವಾಸಿಸುವ ಬ್ಯಾಕ್ಟೀರಿಯಗಳು ಯೂರಿಯೇಸ್ ಎಂಬ ಕಿಣ್ವವನ್ನು ತಯಾರಿಸುತ್ತವೆ. ಅದು ಯೂರಿಯಾದ ಒಂದೊಂದು ಅಣುವನ್ನೂ ಒಡೆದು ಎರಡೆರಡು ಅಮೋನಿಯಾ ಅಣುಗಳನ್ನು ಬಿಡುಗಡೆ ಮಾಡುತ್ತದೆ. ಪಿಎಚ್ ಏರುತ್ತಾ 9ರ ಹತ್ತಿರ ಹೋಗುತ್ತದೆ. ಆ ಮಟ್ಟದಲ್ಲಿ ಅಮೋನಿಯಾದ ಗಣನೀಯ ಪಾಲು ನೀರಿನಲ್ಲಿ ಉಳಿಯದೆ ಅನಿಲವಾಗಿ ಮೇಲೇಳುತ್ತದೆ. ಅದೇ ನಿಮ್ಮ ಮೂಗಿಗೆ ಹೊಡೆಯುವ ಘಾಟು.

ಪಿಎಚ್ ಏರಿದೊಡನೆ ಇನ್ನೊಂದು ಬದಲಾವಣೆಯೂ ಆಗುತ್ತದೆ. ಅಷ್ಟು ಹೊತ್ತು ಕರಗಿದ್ದ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ, ಫಾಸ್ಫೇಟ್ ಮತ್ತು ಕಾರ್ಬೊನೇಟ್ ಜೊತೆ ಸೇರಿ ಗಟ್ಟಿಯಾಗಿ ಕೆಳಗಿಳಿಯುತ್ತವೆ. ಕ್ಯಾಲ್ಸಿಯಂ ಫಾಸ್ಫೇಟ್, ಕ್ಯಾಲ್ಸಿಯಂ ಕಾರ್ಬೊನೇಟ್, ಮತ್ತು ಮೆಗ್ನೀಸಿಯಂ, ಅಮೋನಿಯಂ, ಫಾಸ್ಫೇಟ್ ಮೂರೂ ಕೂಡಿದ ಸ್ಟ್ರೂವೈಟ್ ಎಂಬ ಹರಳು, ಇವೇ ನೀವು ಹೇಳುವ ಹಳದಿ-ಕಂದು ಪೊರೆ. ಮೂತ್ರಕೋಶದಲ್ಲಿ ಸೋಂಕಿನಿಂದಾಗುವ ಒಂದು ಬಗೆಯ ಕಲ್ಲು ಕೂಡ ಇದೇ ಸ್ಟ್ರೂವೈಟ್, ಅಲ್ಲೂ ಯೂರಿಯೇಸ್‌ನದೇ ಕೆಲಸ. ನಿಮ್ಮಲ್ಲಿ ಫ್ಲಶ್ ನೀರೇ ಗಡಸಾಗಿರುವುದರಿಂದ ಪ್ರತಿ ಫ್ಲಶ್ಶೂ ಹೊಸ ಕ್ಯಾಲ್ಸಿಯಂ ತಂದು ಸುರಿಯುತ್ತದೆ, ಪೊರೆ ಬೇಗ ದಪ್ಪವಾಗುತ್ತದೆ. ಈ ಪೊರೆ ನುಣುಪಾಗಿರುವುದಿಲ್ಲ. ಅದರ ಒರಟು ಮೈಯ ಸಂದುಗಳಲ್ಲಿ ಲೋಳೆ ಹಿಡಿಯುತ್ತದೆ, ಬ್ಯಾಕ್ಟೀರಿಯ ನೆಲೆಯೂರುತ್ತವೆ, ಮೂತ್ರ ಇಂಗಿ ನಿಲ್ಲುತ್ತದೆ. ಆಗ ಇನ್ನಷ್ಟು ಅಮೋನಿಯಾ, ಇನ್ನಷ್ಟು ಪೊರೆ.

ಬ್ಲೀಚಿಂಗ್ ಪೌಡರ್ ಇಲ್ಲಿ ಏನು ಮಾಡುತ್ತದೆ ನೋಡಿ. ಪೊರೆಯ ಮೇಲ್ಮೈಯ ಬಣ್ಣ ತೆಗೆಯುತ್ತದೆ, ಮೇಲಿನ ಬ್ಯಾಕ್ಟೀರಿಯಗಳನ್ನು ಕೊಲ್ಲುತ್ತದೆ. ಒಳಪದರದಲ್ಲಿರುವವು ಸಾಯುವುದಿಲ್ಲ. ಅದು ಕ್ಷಾರೀಯವಾದ್ದರಿಂದ ಪೊರೆಯನ್ನು ಕರಗಿಸಲಾರದು. ಪುಡಿಯಲ್ಲಿ ಸುಣ್ಣದ ಅಂಶ ಇರುವುದರಿಂದ ಕ್ಯಾಲ್ಸಿಯಂ ಇನ್ನೂ ಸೇರುತ್ತದೆ. ತೊಳೆದ ಮೇಲೆ ಬೆಳ್ಳಗೆ ಕಾಣುವುದು ಶುಚಿಯ ಗುರುತಲ್ಲ, ಬಣ್ಣ ಕಳೆದುಕೊಂಡ ಪೊರೆ ಹಾಗೇ ಕೂತಿದೆ.

ಯೂರಿಯೇಸ್ ಬಗ್ಗೆ ಒಂದು ಮಾತು ಸೇರಿಸಬೇಕು. 1926ರಲ್ಲಿ ಜೇಮ್ಸ್ ಸಮ್ನರ್ ಎಂಬ ಅಮೆರಿಕದ ರಸಾಯನಶಾಸ್ತ್ರಜ್ಞರು ಜ್ಯಾಕ್ ಬೀನ್ ಎಂಬ ಕಾಳಿನಿಂದ ಇದನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದರು. ಹಾಗೆ ಹರಳಾಗಿ ಸಿಕ್ಕ ಮೊದಲ ಕಿಣ್ವ ಇದೇ. 1946ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೂ ಪಾಲು ಸಿಕ್ಕಿತು. ಜೀವಕೋಶದಿಂದ ಹೊರತೆಗೆದ ಮೇಲೂ ಕೆಲಸ ಮಾಡಬಲ್ಲ ಕಿಣ್ವ ಇದು ಎಂಬುದು ನಿಮಗೆ ಬೇಕಾದ ಅಂಶ. ಬ್ಯಾಕ್ಟೀರಿಯ ಸತ್ತರೂ ಪೊರೆಯಲ್ಲಿ ಉಳಿದ ಯೂರಿಯೇಸ್ ಸ್ವಲ್ಪ ಕಾಲ ಯೂರಿಯಾ ಒಡೆಯುತ್ತಲೇ ಇರಬಹುದು. ಹಾಗಾಗಿ ರೋಗಾಣುನಾಶಕ ಎಷ್ಟೇ ಸುರಿದರೂ ಪೊರೆ ಉಳಿದಿರುವ ತನಕ ಘಾಟು ಮರಳಿ ಬರುತ್ತದೆ.

ನಿಮ್ಮ ಸೋಮವಾರದ ಕಥೆ

ಶನಿವಾರ-ಭಾನುವಾರ ಟ್ರ್ಯಾಪ್ ಒಣಗಿ ಒಳಚರಂಡಿಯ ಗಾಳಿ ಬರುತ್ತಿದೆ ಎಂದು ನಿಮ್ಮ ಪ್ಲಂಬರ್ ಹೇಳಬಹುದು. ಸರಿಯಾಗಿ ಕೂರಿಸಿದ ಟ್ರ್ಯಾಪ್‌ನಲ್ಲಿ ಸಾಮಾನ್ಯವಾಗಿ 50 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಆಳದ ನೀರು ನಿಂತಿರುತ್ತದೆ, ಎರಡು ದಿನದಲ್ಲಿ ಅಷ್ಟು ನೀರು ಆವಿಯಾಗುವುದಿಲ್ಲ. ಅದಕ್ಕಿಂತ ಸರಳ ಕಾರಣವಿದೆ. ಶುಕ್ರವಾರ ಸಂಜೆ ಕೊನೆಯಲ್ಲಿ ಬಂದವರ ಮೂತ್ರ, ನೀವು ಅರ್ಧಕ್ಕಿಳಿಸಿದ ಫ್ಲಶ್‌ನಿಂದ ಪೂರ್ತಿ ಹೋಗದೆ ಟ್ರ್ಯಾಪ್‌ನಲ್ಲೇ ಉಳಿದಿದೆ. ಎರಡು ದಿನ ಅಲುಗಾಡದೆ ನಿಂತು ಅಮೋನಿಯಾ ಆಗಿದೆ. ರಜೆಯಲ್ಲಿ ಎಕ್ಸಾಸ್ಟ್ ಫ್ಯಾನ್ ಕೂಡ ಬಂದ್ ಆಗಿರುತ್ತದೆ.

ಇದು ಹೌದೋ ಅಲ್ಲವೋ ಎಂದು ನೀವೇ ಪರೀಕ್ಷಿಸಬಹುದು. ಟ್ರ್ಯಾಪ್‌ನ ನೀರು ಮೇಲಿನಿಂದ ಕಾಣುವಂಥ ಬೇಸಿನ್ ಆದರೆ ಅದಕ್ಕೆ ಸ್ವಲ್ಪ ನೀಲಿ ಶಾಯಿ ಹಾಕಿ ಒಂದು ಸಲ ಫ್ಲಶ್ ಮಾಡಿ. ನೀರು ತಿಳಿಯಾದರೆ ಫ್ಲಶ್ ಸಾಕಷ್ಟಿದೆ. ನೀಲಿ ಉಳಿದರೆ ಮೂತ್ರವೂ ಹಾಗೆಯೇ ಉಳಿಯುತ್ತಿದೆ. ನೀರು ಕಾಣದ ಬಾಟಲ್ ಟ್ರ್ಯಾಪ್ ಆದರೆ ಸೋಮವಾರ ಬೆಳಿಗ್ಗೆ ಬಳಕೆ ಶುರುವಾಗುವ ಮುನ್ನ ಅದರ ಕೆಳಗಿನ ಬಟ್ಟಲು ಬಿಚ್ಚಿ ಆ ನೀರಿಗೆ ಪಿಎಚ್ ಪಟ್ಟಿ ಅದ್ದಿ ನೋಡಿ, ನಲ್ಲಿ ನೀರಿಗೂ ಒಂದು ಪಟ್ಟಿ ಅದ್ದಿ ಹೋಲಿಸಿ. ಟ್ರ್ಯಾಪ್‌ನದು 9ರ ಹತ್ತಿರವಿದ್ದು ನಲ್ಲಿಯದು ಅದಕ್ಕಿಂತ ಸ್ಪಷ್ಟವಾಗಿ ಕಡಿಮೆ ಇದ್ದರೆ, ಅಲ್ಲಿರುವುದು ಹಳೆಯ ಮೂತ್ರವೇ.

ಫ್ಲಶ್ ಕಡಿಮೆ ಮಾಡಿದ ನಿಮ್ಮ ಉದ್ದೇಶವನ್ನು ನಾನು ಗೌರವಿಸುತ್ತೇನೆ. ಒಂದು ಫ್ಲಶ್ಶಿಗೆ ಅರ್ಧ ಲೀಟರಿನಲ್ಲೇ ಚೆನ್ನಾಗಿ ತೊಳೆಯುವ ಯೂರಿನಲ್‌ಗಳು ಇವೆ. ಅವುಗಳ ಬೇಸಿನ್, ಟ್ರ್ಯಾಪ್, ಸ್ಪ್ರೆಡರ್ (ನೀರನ್ನು ಬೇಸಿನ್ನಿನ ಗೋಡೆಗೆ ಹರಡುವ ತೂತುಗಳಿರುವ ಭಾಗ) ಎಲ್ಲವನ್ನೂ ಆ ಪ್ರಮಾಣಕ್ಕೆಂದೇ ರೂಪಿಸಿರುತ್ತಾರೆ. ಹೆಚ್ಚು ನೀರಿಗೆಂದು ಮಾಡಿದ ಹಳೆಯ ಬೇಸಿನ್ನಿಗೆ ಕವಾಟ ಮಾತ್ರ ಬಿಗಿ ಮಾಡಿದರೆ ನೀರು ಗೋಡೆಯನ್ನೂ ತೊಳೆಯುವುದಿಲ್ಲ, ಟ್ರ್ಯಾಪ್ ಅನ್ನೂ ಬದಲಿಸುವುದಿಲ್ಲ. ಶಾಯಿ ಪರೀಕ್ಷೆ ಮಾಡುತ್ತಾ ಸೆಕೆಂಡು ಸೆಕೆಂಡಾಗಿ ಅವಧಿ ಹೆಚ್ಚಿಸಿ, ನೀರು ತಿಳಿಯಾಗುವ ಹಂತಕ್ಕೆ ನಿಲ್ಲಿಸಿ. ಎಲ್ಲ ಬೇಸಿನ್‌ಗಳಿಗೂ ಒಂದೇ ಲೆಕ್ಕ ಬರದೇ ಇರಬಹುದು. ಹಲವು ಸೆನ್ಸರ್‌ಗಳಲ್ಲಿ ಯಾರೂ ಬಳಸದಿದ್ದರೂ 12 ಅಥವಾ 24 ಗಂಟೆಗೊಮ್ಮೆ ತಾನೇ ಫ್ಲಶ್ ಆಗುವ ಸೌಲಭ್ಯ ಇರುತ್ತದೆ, ಅದನ್ನು ಚಾಲೂ ಮಾಡಿಸಿ. ಇಲ್ಲದಿದ್ದರೆ ಶುಕ್ರವಾರ ಬಾಗಿಲು ಹಾಕುವ ಮುನ್ನ ಕಾವಲಿನವರು ಒಂದೊಂದು ಬೇಸಿನ್ನಿಗೂ ಎರಡು ಮೂರು ಸಲ ನೀರು ಬಿಟ್ಟು ಹೋಗಲಿ. ಸೋಮವಾರದ ನಾತದಲ್ಲಿ ಬಹುಪಾಲು ಇದರಿಂದಲೇ ಇಳಿಯುತ್ತದೆಂದು ನನ್ನ ನಿರೀಕ್ಷೆ.

ಫ್ಲಶ್ ಹೆಚ್ಚಿಸುವ ಮುನ್ನ ಸ್ಪ್ರೆಡರ್‌ನ ತೂತುಗಳನ್ನು ನೋಡಿ. ಗಡಸು ನೀರಿನಿಂದ ಅರ್ಧ ತೂತು ಮುಚ್ಚಿದ್ದರೆ ಎಷ್ಟು ನೀರು ಬಿಟ್ಟರೂ ಬೇಸಿನ್ನಿನ ಒಂದು ಮಗ್ಗುಲು ಒಣಗಿಯೇ ಇರುತ್ತದೆ.

ನಾತ ನಿಜಕ್ಕೂ ಎಲ್ಲಿಂದ?

ಮೂಗನ್ನು ನಂಬಬೇಕು, ಆದರೆ ಯಾರ ಮೂಗು ಎಂಬುದು ಮುಖ್ಯ. ಅಲ್ಲೇ ದಿನವಿಡೀ ಇರುವವರ ಮೂಗಿಗೆ ವಾಸನೆ ಅಭ್ಯಾಸವಾಗಿ ಗೊತ್ತಾಗುವುದೇ ಇಲ್ಲ. ಹೊರಗಿನಿಂದ ಆಗಷ್ಟೇ ಬಂದ ಒಬ್ಬರನ್ನು ಬೆಳಿಗ್ಗೆ ಬೇಗ ಒಳಗೆ ಕರೆದು ಕೇಳಿ. ಕಣ್ಣಿಗೆ ನೀರು ತರಿಸುವ ಘಾಟು ಅಮೋನಿಯಾದ್ದು, ಅಂದರೆ ಹಳೆಯ ಮೂತ್ರದ್ದು. ಕೊಳೆತ ಮೊಟ್ಟೆಯ ವಾಸನೆ ಹೈಡ್ರೋಜನ್ ಸಲ್ಫೈಡ್, ಅದು ಒಳಚರಂಡಿಯಿಂದ ಬರುತ್ತದೆ. ಈ ಎರಡನೆಯದು ಇದ್ದರೆ ಯೂರಿನಲ್ ಎಷ್ಟು ತೊಳೆದರೂ ಉಪಯೋಗವಿಲ್ಲ. ಯಾವುದೋ ಟ್ರ್ಯಾಪ್‌ನಲ್ಲಿ ನೀರಿಲ್ಲ, ಅಥವಾ ಪೈಪಿನ ಕೀಲು ಬಿಟ್ಟಿದೆ. ಯೂರಿನಲ್ ಟ್ರ್ಯಾಪ್ ಒಣಗುವುದು ಅಪರೂಪ ಎಂದೆ, ಆದರೆ ಮೂಲೆಯಲ್ಲಿರುವ ಫ್ಲೋರ್ ಟ್ರ್ಯಾಪ್ ಹಾಗಲ್ಲ. ನೆಲವನ್ನು ಮಾಪ್‌ನಿಂದ ಒರೆಸಿ ಬಿಡುವ ಕಡೆಗಳಲ್ಲಿ ವಾರಗಟ್ಟಲೆ ಅದಕ್ಕೆ ಒಂದು ತೊಟ್ಟು ನೀರೂ ಬೀಳುವುದಿಲ್ಲ. ಒಂದು ಬಕೆಟ್ ನೀರು ಹಾಕಿ ಅರ್ಧ ಗಂಟೆ ಬಿಟ್ಟು ನೋಡಿ. ಫ್ಲಶ್ ಆದಾಗ ಪಕ್ಕದ ಟ್ರ್ಯಾಪ್ ಗೊಳಗೊಳ ಸದ್ದು ಮಾಡುತ್ತಿದ್ದರೆ ಗಾಳಿ ಪೈಪು ಇಲ್ಲ ಅಥವಾ ಕಟ್ಟಿದೆ ಎಂದರ್ಥ, ಹರಿವ ನೀರು ಟ್ರ್ಯಾಪ್‌ನ ನೀರನ್ನೇ ಎಳೆದುಕೊಂಡು ಹೋಗುತ್ತಿದೆ. ಅದಕ್ಕೆ ಪ್ಲಂಬರ್ ಬೇಕು. ದೊಡ್ಡ ಎಕ್ಸಾಸ್ಟ್ ಫ್ಯಾನ್ ಹಾಕಿಸಿ ಬಾಗಿಲ ಕೆಳಗೆ ಗಾಳಿ ಬರಲು ಸಂದೇ ಇಲ್ಲದಂತೆ ಮಾಡಿದ ಶೌಚಾಲಯಗಳನ್ನು ನಾನು ನೋಡಿದ್ದೇನೆ. ಫ್ಯಾನ್ ಹೊರಹಾಕಿದ ಗಾಳಿಗೆ ಬದಲಿ ಗಾಳಿ ಎಲ್ಲಿಂದಾದರೂ ಬರಲೇಬೇಕು, ಕೊನೆಗೆ ಅದು ಒಣಗಿದ ಟ್ರ್ಯಾಪ್‌ನಿಂದಲೇ ಬರುತ್ತದೆ.

ಘಾಟು ಅಮೋನಿಯಾದ್ದೇ ಆಗಿದ್ದರೂ ಬೇಸಿನ್ ಒಂದನ್ನೇ ದೂರಬೇಡಿ. ದೀಪ ಆರಿಸಿ ಒಂದು ಯುವಿ ಟಾರ್ಚ್ ಹಿಡಿದು ನೋಡಿ. ಒಣಗಿದ ಮೂತ್ರ ಆ ಬೆಳಕಿಗೆ ಮಂದವಾಗಿ ಹೊಳೆಯುತ್ತದೆ. ಕೆಲವು ಸೋಪುಗಳೂ ಹೊಳೆಯುತ್ತವೆ, ಆದ್ದರಿಂದ ಒಂದು ಕಡೆ ನೀರಿನಿಂದ ಚೆನ್ನಾಗಿ ತೊಳೆದು ಹೋಲಿಸಿಕೊಳ್ಳಿ. ಬೇಸಿನ್ನಿನ ತುಟಿಯ ಅಡಿಭಾಗ, ಎರಡು ಬೇಸಿನ್ ನಡುವಿನ ಪಾರ್ಟಿಷನ್ನಿನ ಕೆಳತುದಿ, ಕೆಳಗಿನ ಗೋಡೆ, ಜನ ನಿಲ್ಲುವ ಜಾಗದ ಟೈಲ್ಸ್ ಸಂದು, ಇವು ಯಾರೂ ಉಜ್ಜದ ಜಾಗಗಳು. ಟೈಲ್ಸ್ ಸಂದಿನ ಸಿಮೆಂಟ್ ಗ್ರೌಟ್ ಮೂತ್ರವನ್ನು ಹೀರಿಕೊಳ್ಳುತ್ತದೆ. ನೆಲ ಒದ್ದೆಯಾದಾಗಲೆಲ್ಲ ಅದು ಮತ್ತೆ ವಾಸನೆ ಬಿಡುತ್ತದೆ. ನೆಲ ಒರೆಸಿದ ಕೂಡಲೇ ನಾತ ಹೆಚ್ಚಾಯಿತು ಎಂದು ಯಾರಾದರೂ ಹೇಳಿದರೆ ಅದು ನಿಜವೇ. ಆಗ ಎರಡು ಸಂಗತಿ ನೋಡಬೇಕು, ಗ್ರೌಟ್ ಹೇಗಿದೆ, ಮಾಪ್ ಹೇಗಿದೆ. ಯೂರಿನಲ್ ಕೆಳಗೆ ಒರೆಸಿದ ಮಾಪ್ ಅನ್ನೇ ಅದೇ ಬಕೆಟ್ಟಿನಲ್ಲಿ ಅದ್ದಿ ಇಡೀ ನೆಲಕ್ಕೆ ಎಳೆದರೆ ಮೂತ್ರವನ್ನು ತೆಳ್ಳಗೆ ಬಳಿದ ಹಾಗೆ. ಆ ಜಾಗಕ್ಕೆ ಬೇರೆ ಮಾಪ್, ಬೇರೆ ನೀರು ಇಡಿಸಿ. ಗ್ರೌಟ್ ಪೂರ್ತಿ ಹಾಳಾಗಿದ್ದರೆ ಕೆರೆದು ತೆಗೆದು ಎಪಾಕ್ಸಿ ಗ್ರೌಟ್ ತುಂಬಿಸುವುದು ಶಾಶ್ವತ ಪರಿಹಾರ, ಯೂರಿನಲ್ ಸಾಲಿನ ಕೆಳಗೆ ಎರಡು ಮೂರು ಅಡಿ ಅಗಲಕ್ಕೆ ಮಾಡಿಸಿದರೂ ಸಾಕು.

ಪೊರೆ ತೆಗೆಯುವುದು

ಪೊರೆಯನ್ನು ಕರಗಿಸುವುದು ಆಮ್ಲವೇ. ನೀವು ವಾರಕ್ಕೊಮ್ಮೆ ಆಸಿಡ್ ಹಾಕಿಸುತ್ತಿದ್ದರೂ ಅದು ಕರಗದೇ ಇರುವುದಕ್ಕೆ ಕಾರಣ ಹಾಕುವ ರೀತಿಯಲ್ಲಿದೆ. ಮೇಲಿನಿಂದ ಸುರಿದ ಆಸಿಡ್ ಕೆಲವೇ ಕ್ಷಣಗಳಲ್ಲಿ ಇಳಿದುಹೋಗಿ ಟ್ರ್ಯಾಪ್‌ನ ನೀರಿನಲ್ಲಿ ತೆಳುವಾಗುತ್ತದೆ. ಜೊತೆಗೆ ಪೊರೆಯ ಮೇಲೆ ಜಿಡ್ಡಿನಂಥ ಲೋಳೆ ಇರುತ್ತದೆ, ಆಮ್ಲ ಅದನ್ನು ದಾಟಿ ಒಳಗಿಳಿಯುವುದಿಲ್ಲ. ತೀಕ್ಷ್ಣ ಹೈಡ್ರೋಕ್ಲೋರಿಕ್ ಆಸಿಡ್‌ನ ಹೊಗೆ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ: ಕ್ರೋಮ್ ಲೇಪ, ಸ್ಟೀಲ್ ಜಾಲರಿ, ಸಿಮೆಂಟ್ ಗ್ರೌಟ್ ಎಲ್ಲವನ್ನೂ ತಿನ್ನುತ್ತದೆ. ಅಮೃತಶಿಲೆಯ ಪಾರ್ಟಿಷನ್ ಇದ್ದರೆ ಅದೂ ಮಂಕಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಕಚೇರಿ ಶೌಚಾಲಯದ ವಾಡಿಕೆಯ ಕೆಲಸಕ್ಕೆ ಅದನ್ನು ತರಿಸಲೇಬಾರದು. ಸಲ್ಫಾಮಿಕ್ ಆಮ್ಲ, ಸಿಟ್ರಿಕ್ ಆಮ್ಲ ಅಥವಾ ಫಾಸ್ಫಾರಿಕ್ ಆಮ್ಲ ಇರುವ ಡೀಸ್ಕೇಲರ್ (ಪೊರೆ ಕರಗಿಸುವ ಕ್ಲೀನರ್) ಸಾಕು. ಸಲ್ಫಾಮಿಕ್ ಮತ್ತು ಸಿಟ್ರಿಕ್ ಪುಡಿಯಾಗಿಯೇ ಸಿಗುತ್ತವೆ, ಹೊಗೆಯಾಡುವುದಿಲ್ಲ. ಹಾಗೆಂದು ಅವು ನಿರುಪದ್ರವಿ ಅಲ್ಲ, ಕಣ್ಣಿಗೆ ಬಿದ್ದರೆ ಸುಡುತ್ತವೆ. ಗ್ಲೌಸ್, ಕಣ್ಣಿಗೆ ಗಾಗಲ್ಸ್, ತೆರೆದ ಬಾಗಿಲು, ಓಡುವ ಫ್ಯಾನ್, ಈ ನಾಲ್ಕೂ ಇಲ್ಲದೆ ಕೆಲಸ ಶುರುವಾಗಬಾರದು. ನಿಮ್ಮ ಹುಡುಗರಿಗೆ ಇವನ್ನು ಕೊಡಿಸುವುದು ನಿಮ್ಮ ಹೊಣೆ.

ಮೊದಲ ಸಲ ದೊಡ್ಡದಾಗಿ ಮಾಡಬೇಕಾದ ಕೆಲಸವನ್ನು ರಜೆಯ ದಿನ ಇಟ್ಟುಕೊಳ್ಳಿ. ಅದಕ್ಕೆ ಎರಡು ದಿನ ಮುಂಚಿನಿಂದಲೇ ಬ್ಲೀಚ್ ಹಾಕದೆ ಪ್ರತಿದಿನ ಧಾರಾಳ ನೀರು ಹರಿಸಿರಬೇಕು. ನ್ಯಾಫ್ಥಲೀನ್ ಗುಳಿಗೆಗಳನ್ನೂ ಕಿಂಡಿಯ ಜಾಲರಿಯನ್ನೂ ತೆಗೆಯಿರಿ. ಜಾಲರಿಯನ್ನು ತಿರುಗಿಸಿ ನೋಡಿ, ಹೆಚ್ಚಿನ ಪೊರೆ ಆ ಕೆಳಮೈಯಲ್ಲೇ ಇರುತ್ತದೆ. ಮೊದಲು ಸೋಪಿನ ನೀರು ಹಾಕಿ ಬ್ರಷ್‌ನಿಂದ ಲೋಳೆಯನ್ನು ಉಜ್ಜಿ ತೆಗೆದು, ಚೆನ್ನಾಗಿ ನೀರು ಬಿಡಿ. ನಂತರ ಟ್ರ್ಯಾಪ್‌ನಲ್ಲಿ ನಿಂತ ನೀರನ್ನು ಸ್ಪಂಜಿನಿಂದ ಅಥವಾ ಕೈಪಂಪಿನಿಂದ ತೆಗೆಯಿರಿ, ಆಗ ಆಮ್ಲ ತೆಳುವಾಗದೆ ಪೊರೆಯನ್ನು ನೇರ ಮುಟ್ಟುತ್ತದೆ. ಸಿಟ್ರಿಕ್ ಅಥವಾ ಸಲ್ಫಾಮಿಕ್ ಆದರೆ ಲೀಟರ್ ನೀರಿಗೆ 50ರಿಂದ 100 ಗ್ರಾಂ ಸಾಕು. ಉಗುರುಬೆಚ್ಚಗಿನ ನೀರಿನಲ್ಲಿ ಬೇಗ ಕೆಲಸವಾಗುತ್ತದೆ. ಕುದಿಯುವ ನೀರು ಬೇಡ, ಪಿಂಗಾಣಿ ಬಿರುಕು ಬಿಡಬಹುದು, ಪಿವಿಸಿ ಪೈಪು ಮತ್ತು ರಬ್ಬರ್ ಬಿರಡೆಗಳು ಮೆತ್ತಗಾಗುತ್ತವೆ. ನೀರಿಗೆ ಆಮ್ಲ ಹಾಕಬೇಕೇ ಹೊರತು ಆಮ್ಲಕ್ಕೆ ನೀರು ಹಾಕಬಾರದು. ಸಿದ್ಧ ಡೀಸ್ಕೇಲರ್ ತಂದಿದ್ದರೆ ಡಬ್ಬಿಯ ಮೇಲಿನ ಪ್ರಮಾಣ ಮತ್ತು ಸಮಯವನ್ನೇ ಪಾಲಿಸಿ. ಬೇಸಿನ್ ಗೋಡೆಯ ಪೊರೆಗೆ ದ್ರಾವಣದಲ್ಲಿ ಅದ್ದಿದ ಬಟ್ಟೆ ಅಥವಾ ಟಿಶ್ಯೂ ಅಂಟಿಸಿ ಬಿಟ್ಟರೆ ಅದು ಅಲ್ಲೇ ನಿಂತು ಕೆಲಸ ಮಾಡುತ್ತದೆ. ಗುಳ್ಳೆ ಏಳುವುದು ನಿಂತ ಮೇಲೆ ಉಜ್ಜಿ, ಧಾರಾಳ ನೀರು ಬಿಟ್ಟು, ಉಳಿದಿದ್ದರೆ ಮತ್ತೊಮ್ಮೆ ಹಾಕಿ. ಎರಡು ಮೂರು ಸಲದ ಮೆದು ಆಮ್ಲ ಒಂದು ಸಲದ ಉಗ್ರ ಆಮ್ಲಕ್ಕಿಂತ ಒಳ್ಳೆಯದು. ಚಾಕು, ಸ್ಕ್ರೂಡ್ರೈವರ್, ಸ್ಟೀಲ್ ಉಣ್ಣೆಯಿಂದ ಕೆರೆಯಬೇಡಿ. ಪಿಂಗಾಣಿಯ ಹೊಳಪಿನ ಪದರ ಒಮ್ಮೆ ಗೀರು ಬಿದ್ದರೆ ಮುಂದೆ ಅಲ್ಲೇ ಮೊದಲು ಪೊರೆ ಹಿಡಿಯುತ್ತದೆ.

ಬೇಸಿನ್ ಕೆಳಗೆ ಬಾಟಲ್ ಟ್ರ್ಯಾಪ್ ಇದ್ದರೆ ಕೆಲಸ ಇನ್ನೂ ಸುಲಭ. ಕೆಳಗಿನ ಬಟ್ಟಲನ್ನು ಬಿಚ್ಚಿ ದ್ರಾವಣದಲ್ಲಿ ರಾತ್ರಿಯಿಡೀ ನೆನೆಹಾಕಿ, ತೀರಾ ಕಲ್ಲಾಗಿದ್ದರೆ ಹೊಸದನ್ನೇ ಹಾಕಿಸಿ. ಹಿತ್ತಾಳೆಯ ಟ್ರ್ಯಾಪ್ ಆಗಿದ್ದರೆ ಈ ಸಲ ಪ್ಲಾಸ್ಟಿಕ್ ಆರಿಸಿ, ಹಿತ್ತಾಳೆ ಮತ್ತು ತಾಮ್ರವನ್ನು ಅಮೋನಿಯಾ ತಿನ್ನುತ್ತದೆ.

ನೀರು ನಿಧಾನವಾಗಿ ಇಳಿಯುವ ಆ ಎರಡು ಬೇಸಿನ್‌ಗಳಿಗೆ ಮಾತ್ರ ನೀವೇ ಆಮ್ಲ ಹಾಕಲು ಹೋಗಬೇಡಿ. ಅಲ್ಲಿ ಪೊರೆ ಟ್ರ್ಯಾಪ್ ದಾಟಿ ಗೋಡೆಯೊಳಗಿನ ಪೈಪಿಗೆ ಹೋಗಿದೆ ಎಂಬುದು ನನ್ನ ಅಂದಾಜು. ಕಟ್ಟಿದ ಪೈಪಿನಲ್ಲಿ ಆಮ್ಲ ಹಾಗೇ ನಿಂತು, ಹುಟ್ಟಿದ ಅನಿಲ ಅದನ್ನು ಹಿಂದಕ್ಕೆ ಚಿಮ್ಮಿಸಬಹುದು. ಆಮೇಲೆ ಪೈಪು ಬಿಚ್ಚುವವರ ಕೈಮುಖದ ಮೇಲೆ ಅದೇ ಬೀಳುತ್ತದೆ. ಅಂಗಡಿಯಲ್ಲಿ ಸಿಗುವ ಡ್ರೈನ್ ತೆರೆಯುವ ಪುಡಿ ಕಾಸ್ಟಿಕ್ ಸೋಡಾ. ಅದು ಜಿಡ್ಡು, ಕೂದಲಿಗೆ ಸರಿ, ಈ ಕಲ್ಲಿಗೆ ಏನೂ ಮಾಡದು. ಅದರ ಹಿಂದೆಯೇ ಆಸಿಡ್ ಹಾಕಿದರೆ ಭಯಂಕರ ಶಾಖವೆದ್ದು ಸಿಡಿಯುತ್ತದೆ. ಪ್ಲಂಬರ್ ಕೈಯಲ್ಲಿ ಸ್ಪ್ರಿಂಗ್ ರಾಡ್ ಅಥವಾ ಹೈ ಪ್ರೆಶರ್ ಜೆಟ್‌ನಿಂದ ತೆಗೆಸಿ, ಈವರೆಗೆ ಏನೇನು ರಾಸಾಯನಿಕ ಹಾಕಿದ್ದೀರಿ ಎಂದು ಅವರಿಗೆ ಮೊದಲೇ ತಿಳಿಸಿ. ಹಾಗೆಯೇ ಪೈಪಿನ ಇಳಿಜಾರು ಅಳೆಯಲು ಹೇಳಿ. ಮೀಟರಿಗೆ ಸುಮಾರು 2 ಸೆಂಟಿಮೀಟರ್ ಇಳಿಜಾರು ಬೇಕು, ನಡುವೆ ಜೋತುಬಿದ್ದಿದ್ದರೆ ಅಲ್ಲಿ ಮೂತ್ರ ನಿಂತೇ ನಿಲ್ಲುತ್ತದೆ, ತಿಂಗಳುಗಳಲ್ಲಿ ಮತ್ತೆ ಕಟ್ಟುತ್ತದೆ.

ಪೊರೆ ಒಮ್ಮೆ ಹೋದ ಮೇಲೆ ಅದು ಮರಳದಂತೆ ನೋಡಿಕೊಳ್ಳುವುದು ಹಗುರ ಕೆಲಸ. ದಿನಕ್ಕೊಮ್ಮೆ ಮೆದು ಆಮ್ಲೀಯ ಕ್ಲೀನರ್ ಹಾಕಿ ಬೇಸಿನ್, ತುಟಿಯ ಅಡಿ, ಜಾಲರಿಯ ಎರಡೂ ಮೈ ಒರೆಸಬೇಕು. ಆಮ್ಲೀಯ ವಾತಾವರಣದಲ್ಲಿ ಅಮೋನಿಯಾ ಅನಿಲವಾಗದೆ ಅಮೋನಿಯಂ ಆಗಿ ನೀರಿನಲ್ಲೇ ಉಳಿಯುತ್ತದೆ, ಅದಕ್ಕೆ ವಾಸನೆಯಿಲ್ಲ. ವಾರಕ್ಕೊಮ್ಮೆ ರಾತ್ರಿ ಟ್ರ್ಯಾಪ್‌ಗೆ ಸಿಟ್ರಿಕ್ ದ್ರಾವಣ ಹಾಕಿ ಬೆಳಿಗ್ಗೆ ಫ್ಲಶ್ ಮಾಡಿ. ನಿಮ್ಮ ನೀರಿನ ಗಡಸುತನವನ್ನೂ ಅಳೆಸಿ. ಲೀಟರಿಗೆ 180 ಮಿಲಿಗ್ರಾಂಗಿಂತ ಹೆಚ್ಚಿದ್ದರೆ ಅತಿ ಗಡಸು ಎನ್ನುತ್ತಾರೆ. ಅಂಥಲ್ಲಿ ಫ್ಲಶ್ ಲೈನಿಗೆ ಸಾಫ್ಟ್‌ನರ್ ಹಾಕಿಸುವುದು ಲಾಭವೋ, ಅಥವಾ ಮಳೆನೀರು ಸಂಗ್ರಹವಿದ್ದರೆ ಅದನ್ನು ಯೂರಿನಲ್‌ಗೆ ತಿರುಗಿಸುವುದು ಸಾಧ್ಯವೋ ಯೋಚಿಸಬಹುದು. ಮಳೆನೀರಿನಲ್ಲಿ ಕ್ಯಾಲ್ಸಿಯಂ ಬಹಳ ಕಡಿಮೆ.

ಗುಳಿಗೆ, ಬ್ಯಾಕ್ಟೀರಿಯ ಕ್ಲೀನರ್

ನ್ಯಾಫ್ಥಲೀನ್ ಗುಳಿಗೆಗಳನ್ನು ಬಿಟ್ಟುಬಿಡಿ. ಅವು ಒಂದು ವಾಸನೆಯ ಮೇಲೆ ಇನ್ನೊಂದನ್ನು ಹೊದಿಸುತ್ತವೆ, ಕ್ಯಾಲ್ಸಿಯಂ ಒಂದು ಕಣವನ್ನೂ ತೆಗೆಯುವುದಿಲ್ಲ. ನ್ಯಾಫ್ಥಲೀನ್ ಮತ್ತು ಅದರ ಬದಲಿಗೆ ಬರುವ ಪ್ಯಾರಾಡೈಕ್ಲೋರೋಬೆನ್ಜೀನ್ ಎರಡನ್ನೂ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆಯಿರುವ ವಸ್ತುಗಳ ಗುಂಪಿನಲ್ಲಿ ಇಟ್ಟಿದೆ. ಜಿ6ಪಿಡಿ ಕಿಣ್ವದ ಕೊರತೆ ಇರುವವರಿಗೆ ನ್ಯಾಫ್ಥಲೀನ್‌ನಿಂದ ಕೆಂಪು ರಕ್ತಕಣಗಳು ಒಡೆಯುವ ಅಪಾಯವೂ ಇದೆ. ಬೇಸಿನ್ನಿಗೆ ಏನಾದರೂ ಹಾಕಲೇಬೇಕೆಂದರೆ ಸಿಡಿತ ತಡೆಯುವ ಮ್ಯಾಟ್ ಹಾಕಿ, ಡಬ್ಬಿಯ ಮೇಲೆ ಹೇಳಿದ ಅವಧಿಗೆ ತಪ್ಪದೆ ಬದಲಿಸಿ.

ಬ್ಯಾಕ್ಟೀರಿಯ ಅಥವಾ ಕಿಣ್ವಗಳಿರುವ ಕ್ಲೀನರ್‌ಗಳ ಬಗ್ಗೆ ಬಹಳ ಜನ ಕೇಳುತ್ತಾರೆ. ಅವು ಲೋಳೆಯನ್ನೂ ಗ್ರೌಟ್‌ನಲ್ಲಿ ಇಂಗಿದ ಸಾವಯವ ಕೊಳೆಯನ್ನೂ ಜೀರ್ಣಿಸುತ್ತವೆ, ನೆಲದ ನಾತಕ್ಕೆ ಒಳ್ಳೆಯ ಉಪಾಯ. ಕಲ್ಲಾದ ಪೊರೆಯನ್ನು ಅವು ಕರಗಿಸವು. ಹಾಗಾಗಿ ಡೀಸ್ಕೇಲಿಂಗ್ ಮುಗಿದ ಮೇಲೆ ಬಳಸಿ, ರಾತ್ರಿ ಹಾಕಿ ಒದ್ದೆಯಾಗಿಯೇ ಬಿಡಿ. ಅದೇ ಜಾಗಕ್ಕೆ ಅದೇ ದಿನ ಬ್ಲೀಚ್, ಫಿನಾಯಿಲ್ ಅಥವಾ ಆಸಿಡ್ ಹಾಕಿದರೆ ಆ ಬ್ಯಾಕ್ಟೀರಿಯಗಳೇ ಸಾಯುತ್ತವೆ, ಕೊಟ್ಟ ದುಡ್ಡು ಚರಂಡಿಗೆ ಹೋಗುತ್ತದೆ.

ನೀರಿಲ್ಲದ ಯೂರಿನಲ್ ಮತ್ತು ಬೇಸಿನ್ ಬದಲಾವಣೆ

ನೀರಿಲ್ಲದ ಯೂರಿನಲ್ ಕೆಟ್ಟ ಯೋಜನೆಯಲ್ಲ. ಮೂತ್ರಕ್ಕಿಂತ ಹಗುರವಾದ ಎಣ್ಣೆಯಂಥ ದ್ರವವೋ ರಬ್ಬರಿನ ತೆಳು ಕವಾಟವೋ ವಾಸನೆಯನ್ನು ತಡೆಯುತ್ತದೆ. ಗಡಸು ನೀರೇ ಇಲ್ಲದ್ದರಿಂದ ನೀರಿನ ಕ್ಯಾಲ್ಸಿಯಂನಿಂದ ಕಟ್ಟುವ ಪೊರೆ ಅಲ್ಲಿಲ್ಲ. ಆದರೆ ತೆಳುವಾಗದ ಮೂತ್ರ ಪೈಪಿನಲ್ಲಿ ಮೆಲ್ಲಗೆ ಹರಿಯುತ್ತದೆ, ಸ್ಟ್ರೂವೈಟ್ ಕಟ್ಟುವುದಕ್ಕೆ ಅದು ತಕ್ಕ ಸ್ಥಿತಿ. ಆ ದ್ರವವೋ ಕವಾಟವೋ ಇರುವ ಕಾರ್ಟ್ರಿಜ್ ಸಮಯಕ್ಕೆ ಸರಿಯಾಗಿ ಬದಲಾಗಬೇಕು, ಬದಲಿಸುವಾಗ ಪೈಪಿಗೆ ನೀರು ಬಿಟ್ಟು ತೊಳೆಯಬೇಕು. ಶುಚಿ ಮಾಡುವವರು ಅಭ್ಯಾಸಬಲದಿಂದ ಒಂದು ಬಕೆಟ್ ನೀರು ಸುರಿದರೆ ಎಣ್ಣೆಯ ಪದರ ಕೊಚ್ಚಿಹೋಗುತ್ತದೆ, ಉಗ್ರ ರಾಸಾಯನಿಕ ಹಾಕಿದರೆ ಕವಾಟ ಹಾಳಾಗುತ್ತದೆ. ಒಂದೇ ತಂಡ ವರ್ಷಗಟ್ಟಲೆ ಇದ್ದು, ಅವರಿಗೆ ತರಬೇತಿ ಸಿಕ್ಕಿ, ಬಿಡಿಭಾಗಗಳು ನಿರಂತರ ದೊರೆಯುವ ಕಡೆ ಇದು ಚೆನ್ನಾಗಿ ನಡೆಯುತ್ತದೆ. ಸಿಬ್ಬಂದಿ ಆಗಾಗ ಬದಲಾಗುವಲ್ಲಿ ನಾನು ಸಲಹೆ ಮಾಡುವುದಿಲ್ಲ. ಏನೇ ಆದರೂ ಈಗ ಅರ್ಧ ಕಟ್ಟಿರುವ ನಿಮ್ಮ ಪೈಪುಗಳಿಗೆ ಇದನ್ನು ಜೋಡಿಸಬೇಡಿ.

ಬೇಸಿನ್ ಬದಲಿಸುವ ಮಾತು ಡೀಸ್ಕೇಲಿಂಗ್ ಆದ ಮೇಲೆ ತೀರ್ಮಾನವಾಗಲಿ. ಪೊರೆ ಹೋದ ಜಾಗದ ಮೇಲೆ ಬೆರಳಾಡಿಸಿ ನೋಡಿ. ನುಣುಪಾಗಿದ್ದು ನೀರು ಜಾರಿಹೋದರೆ ಆ ಪಿಂಗಾಣಿಗೆ ಎಷ್ಟು ವಯಸ್ಸಾದರೂ ತೊಂದರೆಯಿಲ್ಲ, ಅದು ಇನ್ನೂ ಬಹಳ ಕಾಲ ಬಾಳುತ್ತದೆ. ಮರಳುಕಾಗದದಂತೆ ಒರಟಾಗಿದ್ದರೆ, ಒಂದು ಹನಿ ಶಾಯಿ ಹಾಕಿ ಒರೆಸಿದರೂ ಕಲೆ ಉಳಿದರೆ, ಹೊಳಪಿನ ಪದರ ಹೋಗಿದೆ, ಅದನ್ನು ಬದಲಿಸುವುದೇ ಸರಿ. 12ಕ್ಕೆ 12 ಬದಲಿಸುವ ಸ್ಥಿತಿ ಬರುವುದು ಕಡಿಮೆ. ಬದಲಿಸುವಾಗ ಆ ಬೇಸಿನ್ ಎಷ್ಟು ನೀರಿಗೆ ರೂಪಿಸಿದ್ದು ಎಂದು ಕೇಳಿ, ಸೆನ್ಸರ್ ಅನ್ನು ಆ ಪ್ರಮಾಣಕ್ಕೇ ಹೊಂದಿಸಲು ಹೇಳಿ. ಟ್ರ್ಯಾಪ್ ಅನ್ನು ಕೈಯಿಂದಲೇ ಬಿಚ್ಚಿ ತೆಗೆಯುವಂಥದ್ದನ್ನು ಆರಿಸಿ.